ಸರ್ವರ್ ಹಚ್ಚಲಾರದ ಓಡಿಸೋ ಟೆಸ್ಟ್ ಕೆಟ್ರ ಎಲ್ಲಿಂದ ಹುಡುಕಬೇಕು

ಬ್ರೌಸರ್‌ನ್ಯಾಗ ಎಲ್ಲಾ ಸರಿ ಅದ, ಟೆಸ್ಟ್ ಮಾತ್ರ ಕೆಂಪು, ಅಂದ್ರ ಫೇಲ್. ಇಲ್ಲಾಂದ್ರ ಟೆಸ್ಟ್ ಎಲ್ಲಾ ಹಸಿರು, ಲೈವ್ ಸೈಟ್‌ನ್ಯಾಗ ಮಂದಿ ಫೋನ್ ಹಚ್ಚಿ ಬೈಲಿಕ್ಕತ್ತಾರ. ಸರ್ವರ್ ಹಚ್ಚಲಾರದ ಓಡಿಸೋ ಟೆಸ್ಟ್‌ಗಳ ಬಗ್ಗೆ ಬರೋ ದೂರು ಬಹುತೇಕ ಈ ಎರಡರಾಗ ಒಂದು ಇರ್ತದ, ಮತ್ತ ಎರಡಕ್ಕೂ ಕೇಳೋ ಪ್ರಶ್ನೆ ಒಂದ: ಸರ್ವರ್ ಇದ್ದಿದ್ರ ಈ ಕೆಲಸ ಯಾರು ಮಾಡ್ತಿದ್ರು, ಈಗ ಯಾರು ಮಾಡ್ಲಿಕ್ಕತ್ತಾರ? ಯಾರೂ ಇಲ್ಲ ಅಂತ ಉತ್ತರ ಬಂದ್ರ ದೋಷ ಅಲ್ಲೇ ಕೂತದ ಅಂತ ತಿಳ್ಕೋರಿ.

ಉದಾಹರಣೆ ಎಲ್ಲಾ ಪುಣೆದಾಗಿನ ಒಂದು ಕನ್ನಡ ಸಂಘದ ಹಾಲ್ ಬುಕಿಂಗ್ ಆ್ಯಪಿಂದು. ಹಿಂಜವಡಿ, ವಾಕಡ್, ಖರಾಡಿ ಕಡೆ ಕೆಲಸ ಮಾಡೋ ನಾವು ಕೆಲವು ಮಂದಿ, ಹುಬ್ಬಳ್ಳಿ-ಬೆಳಗಾವಿ-ವಿಜಯಪುರದೋರು, ಆಫೀಸ್ ಮುಗದ ಮ್ಯಾಲೆ ರಾತ್ರಿ ಕೂತು ನೋಡ್ಕೋತೇವಿ. ಬುಕಿಂಗ್ ಭಾಗ ಫಾಸ್ಟ್‌ಎಪಿಐದಾಗ ಅದ, ಹಳೇ ಲೆಕ್ಕಪತ್ರದ ಭಾಗ ಫ್ಲಾಸ್ಕ್‌ನ್ಯಾಗ ಉಳದದ (ಎರಡೂ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್), ಅದನ್ನ ಮುಟ್ಟೂ ಧೈರ್ಯ ಯಾರಿಗೂ ಇಲ್ಲ.

ಮದಲ ಒಳಗ ಏನು ನಡೀತದ ಅನ್ನೋದು. ಪೈಥಾನ್‌ನ್ಯಾಗ ವೆಬ್ ಆ್ಯಪ್ ಅಂದ್ರ ಕಡೀಕೆ ಒಂದು ಫಂಕ್ಷನ್ ಅಷ್ಟ. ಡಬ್ಲ್ಯುಎಸ್‌ಜಿಐ ಅನ್ನೋ ಕರಾರನ್ನ 2003ರಾಗ ಪೆಪ್ 333 ಅನ್ನೋ ಪೈಥಾನ್ ಪ್ರಸ್ತಾವದಾಗ ಬರದ್ರು, ಪೈಥಾನ್ 3ರ ಸಲುವಾಗಿ 2010ರಾಗ ಅದು ಪೆಪ್ 3333 ಆತು. ಅದು ಹೇಳೋದು ಇಷ್ಟ: ಆ್ಯಪ್‌ಗೆ ಎನ್ವಿರಾನ್ ಅನ್ನೋ ಒಂದು ಡಿಕ್ಷನರಿ ಕೊಡ್ರಿ, ಸ್ಟೇಟಸ್ ಮತ್ತ ಹೆಡರ್ ತಿಳಸ್ಲಿಕ್ಕೆ ಒಂದು ಫಂಕ್ಷನ್ ಕೊಡ್ರಿ, ಅದು ಬೈಟ್‌ಗಳನ್ನ ವಾಪಸ್ ಕೊಡ್ತದ. ಗುನಿಕಾರ್ನ್ ಅನ್ನೋ ಸರ್ವರ್ ಆ ಡಿಕ್ಷನರಿಯನ್ನ ಸಾಕೆಟ್‌ನಿಂದ ಓದಿ ತುಂಬ್ತದ, ಟೆಸ್ಟ್ ಕ್ಲೈಂಟ್ ಅದನ್ನ ತಾನ ಕೈಯಾರೆ ತುಂಬಿ ಫಂಕ್ಷನ್ ಕರೀತದ. ಪೋರ್ಟ್ ಇಲ್ಲ, ಸಾಕೆಟ್ ಇಲ್ಲ, ಮುಂದ ನಿಲ್ಲೋ ಎನ್‌ಜಿನ್‌ಎಕ್ಸ್ ಸರ್ವರ್ ಇಲ್ಲ. ಫಾಸ್ಟ್‌ಎಪಿಐ ಎಎಸ್‌ಜಿಐ ಅನ್ನೋ ಇಂಥಾದ್ದ ಇನ್ನೊಂದು ಕರಾರಿನ ಮ್ಯಾಲೆ ನಿಂತದ, ಅಲ್ಲಿ ಫಂಕ್ಷನ್ ಅಸಿಂಕ್ ಇರ್ತದ, ಉಳದದ್ದು ಇದ ಕಥಿ. ರೂಬಿಯ ರ‍್ಯಾಕ್-ಟೆಸ್ಟ್, ಪರ್ಲ್‌ನ ಪ್ಲ್ಯಾಕ್ ಟೆಸ್ಟ್, ನೋಡ್‌ನ್ಯಾಗ ಫಾಸ್ಟಿಫೈದ ಇಂಜೆಕ್ಟ್, ಜಾವಾದಾಗ ಸ್ಪ್ರಿಂಗ್‌ನ ಮಾಕ್‌ಎಂವಿಸಿ, ಎಲ್ಲಾದ್ರದ್ದೂ ಇದ ಉಪಾಯ, ಅದಕ್ಕ ಕೆಳಗ ಹೇಳೋದ್ರಾಗ ಅರ್ಧಾ ಅಲ್ಲೂ ನಡೀತದ.

ಮದಲನೇ ಕೆಲಸ: ಖರೆ ಎರರ್ ಕಾಣಲಿ

ಟೆಸ್ಟ್ "200 ಬೇಕಿತ್ತು, 500 ಬಂತು" ಅಂತ ಹೇಳಿ ಸುಮ್ಕ ಆದ್ರ ಏನೂ ಗೊತ್ತಾಗಂಗಿಲ್ಲ. ಫ್ಲಾಸ್ಕ್‌ನ್ಯಾಗ ಟೆಸ್ಟಿಂಗ್ ಅನ್ನೋ ಸೆಟ್ಟಿಂಗ್ ಟ್ರೂ ಮಾಡ್ರಿ, ಆಗ ಒಳಗಿನ ಎಕ್ಸೆಪ್ಶನ್ ನೇರ ಟೆಸ್ಟ್‌ತನಕ ಬರ್ತದ, ಪೂರ್ತಿ ಟ್ರೇಸ್‌ಬ್ಯಾಕ್ ಸಹಿತ. ಸ್ಟಾರ್ಲೆಟ್ (ಫಾಸ್ಟ್‌ಎಪಿಐ ಇದ್ರ ಮ್ಯಾಲೆ ಕಟ್ಟಿದ್ದು) ಟೆಸ್ಟ್‌ಕ್ಲೈಂಟ್ ಮತ್ತ ಜಾಂಗೋ (ಇನ್ನೊಂದು ಪೈಥಾನ್ ಫ್ರೇಮ್‌ವರ್ಕ್) ಕ್ಲೈಂಟ್ ಇದನ್ನ ತಾವ ಮಾಡ್ತಾವ, ಆದ್ರ ಯಾರರ 500 ಪೇಜ್ ಹೆಂಗ ಕಾಣ್ತದ ಅಂತ ಟೆಸ್ಟ್ ಮಾಡೂ ಮುಂದ ಅದನ್ನ ಬಂದ್ ಮಾಡಿ ಫಿಕ್ಸ್ಚರ್‌ದಾಗ (ಟೆಸ್ಟ್‌ಗೆ ಬೇಕಾದ್ದು ಮದಲ ತಯಾರ ಮಾಡೋ ಫಂಕ್ಷನ್) ಹಂಗ ಬಿಟ್ಟಿರ್ತಾರ, ಅದನ್ನೂ ಒಮ್ಮೆ ನೋಡ್ರಿ.

ಆಮ್ಯಾಲೆ ಆ ಒಂದ ಟೆಸ್ಟನ್ನ ಖರೇ ಸರ್ವರ್ ಮ್ಯಾಲೆ ಓಡಿಸ್ರಿ. ಸ್ಟಾರ್ಲೆಟ್‌ನ ಟೆಸ್ಟ್‌ಕ್ಲೈಂಟ್ ಅಂದ್ರ ಎಚ್‌ಟಿಟಿಪಿಎಕ್ಸ್ ಅನ್ನೋ ಲೈಬ್ರರಿಯ ಕ್ಲೈಂಟಿನ ಮರಿ ಕ್ಲಾಸ್, ಎರಡರ ಗೆಟ್-ಪೋಸ್ಟ್ ಒಂದ ನಮೂನಿ. ಅದಕ್ಕ ನಮ್ಮ ಕ್ಲೈಂಟ್ ಫಿಕ್ಸ್ಚರ್‌ನ್ಯಾಗ ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ನೋಡ್ತೇವಿ: ಅದ್ರಾಗ ಯುಆರ್‌ಎಲ್ ಇದ್ರ ಸಾದಾ ಎಚ್‌ಟಿಟಿಪಿಎಕ್ಸ್ ಕ್ಲೈಂಟ್ ಆ ವಿಳಾಸಕ್ಕ ಹೋಗ್ತದ, ಇಲ್ಲಂದ್ರ ಟೆಸ್ಟ್‌ಕ್ಲೈಂಟ್ ಆ್ಯಪನ್ನ ನೇರ ಕರೀತದ. ಇದಕ್ಕ ನಾವು ಸ್ವಿಚ್ ಅಂತೇವಿ. ಎರಡು ಸಾಲಿನ ಕೆಲಸ, ಆದ್ರ ಯಾವ ದೋಷ ಬಂದ್ರೂ ಹುಡುಕೋ ಜಾಗಾ ಒಮ್ಮೆಗೆ ಅರ್ಧಾ ಆಗ್ತದ. ಎರಡೂ ಕಡೆ ಕೆಂಪು ಬಂದ್ರ ನಿಮ್ಮ ಕೋಡ್ ಕೆಟ್ಟದ, ಸರ್ವರ್ ಮಾತ ಬಿಡ್ರಿ. ಒಂದ ಕಡೆ ಕೆಂಪು ಬಂದ್ರ ಮುಂದ ಓದ್ರಿ.

ಬ್ರೌಸರ್‌ನ್ಯಾಗ ಬರ್ತದ, ಟೆಸ್ಟ್‌ನ್ಯಾಗ ಬರಂಗಿಲ್ಲ

ನಮ್ಮ ಟೀಮಿನ ಬೆಳಗಾವಿ ಹುಡುಗ ಒಂದಿನ ಮೆಸೇಜ್ ಹಾಕಿದ, "ಅಣ್ಣಾ, ಸ್ವಿಚ್ ಹಾಕಿ ನೋಡಿದ್ರ ಎಲ್ಲಾ ಬರಾಕತ್ತೈತಿ, ಟೆಸ್ಟ್‌ನ್ಯಾಗ ಮಾತ್ರ ಆ್ಯಪ್ ಸ್ಟೇಟ್‌ನ್ಯಾಗ ಡಿಬಿ ಇಲ್ಲ ಅಂತೈತಿ." ಅಟ್ರಿಬ್ಯೂಟ್ ಎರರ್, ಸ್ಟೇಟ್‌ಗೆ ಡಿಬಿ ಅನ್ನೋ ಅಟ್ರಿಬ್ಯೂಟ್ ಇಲ್ಲ. ಫಾಸ್ಟ್‌ಎಪಿಐ ಟೆಸ್ಟ್‌ನ್ಯಾಗ ಇದಕ್ಕಿಂತ ಸಾಮಾನ್ಯ ರೋಗ ಇನ್ನೊಂದಿಲ್ಲ.

ಆ್ಯಪ್ ಎದ್ದ ಕೂಡ್ಲೆ ಡಿಬಿ ಕನೆಕ್ಷನ್ ತಗಿಯೋ ಕೆಲಸ ಲೈಫ್‌ಸ್ಪ್ಯಾನ್ ಫಂಕ್ಷನ್‌ನ್ಯಾಗ ಇರ್ತದ. ಯುವಿಕಾರ್ನ್ ಅನ್ನೋ ಸರ್ವರ್ ಏಳೂ ಮುಂದ ಆ್ಯಪ್‌ಗೆ "ಶುರು ಆಗು" ಅಂತ ಸಂದೇಶ ಕಳಿಸ್ತದ, ಆಗ ಅದು ಓಡ್ತದ. ಟೆಸ್ಟ್‌ಕ್ಲೈಂಟನ್ನ ಸುಮ್ಕ ಒಂದು ವೇರಿಯೇಬಲ್‌ಗೆ ಹಾಕಿ ಗೆಟ್ ಕರದ್ರ ಆ ಸಂದೇಶ ಯಾರೂ ಕಳಸಂಗಿಲ್ಲ, ಲೈಫ್‌ಸ್ಪ್ಯಾನ್ ಓಡಂಗಿಲ್ಲ. ಅದನ್ನ ವಿತ್ ಬ್ಲಾಕ್‌ನ್ಯಾಗ ತಗೋಬೇಕು, ಬ್ಲಾಕ್ ಒಳಗ ಹೋಗೂ ಮುಂದ ಸ್ಟಾರ್ಟಪ್, ಹೊರಗ ಬರೂ ಮುಂದ ಶಟ್‌ಡೌನ್. ಫಿಕ್ಸ್ಚರ್‌ನ್ಯಾಗ ವಿತ್ ಹಾಕಿ ಒಳಗ ಯೀಲ್ಡ್ ಮಾಡಿದ್ರ ಆತು. ಅಸಿಂಕ್ ಟೆಸ್ಟ್ ಬರಿಯೋರು ಎಚ್‌ಟಿಟಿಪಿಎಕ್ಸ್‌ನ ಎಎಸ್‌ಜಿಐ-ಟ್ರಾನ್ಸ್‌ಪೋರ್ಟ್ ಬಳಸ್ತಾರ, ಅದಂತೂ ವಿತ್ ಹಾಕಿದ್ರೂ ಲೈಫ್‌ಸ್ಪ್ಯಾನ್ ಓಡಸಂಗಿಲ್ಲ, ಅದಕ್ಕ ಎಎಸ್‌ಜಿಐ-ಲೈಫ್‌ಸ್ಪ್ಯಾನ್ ಅನ್ನೋ ಬ್ಯಾರೆ ಪ್ಯಾಕೇಜ್‌ನ ಮ್ಯಾನೇಜರ್ ಸುತ್ತಬೇಕು.

ಹುಡುಗ ವಿತ್ ಹಾಕಿದ, ಆ ಎರರ್ ಹೋತು, ಅದ್ರ ಜಾಗಾದಾಗ ಇನ್ನೊಂದು ಬಂತು: ನೋ ಸಚ್ ಟೇಬಲ್, ಬುಕಿಂಗ್ಸ್. ಟೇಬಲ್ ಮಾಡೋ ಸಾಲು ಕಣ್ಣ ಮುಂದ ಅದ, ಅದು ಓಡಿದ್ದು ಲಾಗ್‌ನ್ಯಾಗೂ ಅದ, ಆದ್ರೂ ಟೇಬಲ್ ಇಲ್ಲ ಅಂತದ. ಇದು ಸ್ವಲ್ಪ ನಿಂತು ನೋಡೋಂಥಾದ್ದು.

ಟೆಸ್ಟ್ ಜಲ್ದಿ ಓಡಲಿ ಅಂತ ಎಸ್‌ಕ್ಯೂಲೈಟನ್ನ ಮೆಮರಿ ಒಳಗ ಇಡ್ತೇವಿ. ಮೆಮರಿ ಡೇಟಾಬೇಸಿನ ಸ್ವಭಾವ ಏನಂದ್ರ ಪ್ರತಿ ಕನೆಕ್ಷನ್‌ಗೂ ಅದ್ರದ್ದ ಸ್ವಂತ ಖಾಲಿ ಡೇಟಾಬೇಸ್ ಸಿಗ್ತದ. ಎಸ್‌ಕ್ಯೂಎಲ್‌ಆಲ್ಕೆಮಿ ಅನ್ನೋ ಡೇಟಾಬೇಸ್ ಲೈಬ್ರರಿ ಮೆಮರಿ ಡೇಟಾಬೇಸ್‌ಗೆ ತಾನ ಸಿಂಗಲ್‌ಟನ್-ಥ್ರೆಡ್-ಪೂಲ್ ಹಾಕ್ತದ, ಅಂದ್ರ ಥ್ರೆಡ್ಡಿಗೆ ಒಂದು ಕನೆಕ್ಷನ್. ಈಗ ಟೇಬಲ್ ಮಾಡಿದ್ದು ಪೈಟೆಸ್ಟ್ ಅನ್ನೋ ಟೆಸ್ಟ್ ಓಡಿಸೋ ಟೂಲಿನ ಮೇನ್ ಥ್ರೆಡ್‌ನ್ಯಾಗ. ಎಂಡ್‌ಪಾಯಿಂಟ್ (ಒಂದು ಯುಆರ್‌ಎಲ್‌ಗೆ ಉತ್ತರ ಕೊಡೋ ಫಂಕ್ಷನ್) ಸಾದಾ ಡೆಫ್ ಇದ್ರ ಫಾಸ್ಟ್‌ಎಪಿಐ ಅದನ್ನ ಥ್ರೆಡ್‌ಪೂಲ್‌ನ ಬ್ಯಾರೆ ಥ್ರೆಡ್‌ಗೆ ಕಳಿಸ್ತದ, ಅಲ್ಲಿ ಹೊಸಾ ಕನೆಕ್ಷನ್, ಹೊಸಾ ಖಾಲಿ ಡೇಟಾಬೇಸ್, ಟೇಬಲ್ ಎಲ್ಲಿಂದ ಬರಬೇಕು. ಫ್ಲಾಸ್ಕ್‌ನ ಟೆಸ್ಟ್ ಕ್ಲೈಂಟ್ ಅದ ಥ್ರೆಡ್‌ನ್ಯಾಗ ಓಡ್ತದ, ಅದಕ್ಕ ಅಲ್ಲಿ ಇದ ಸೆಟ್ಟಿಂಗ್ ಇಟ್ಕೊಂಡು ವರ್ಷಗಟ್ಟಲೆ ನಡಿಸಿದೋರು ಫಾಸ್ಟ್‌ಎಪಿಐಗೆ ಬಂದ ಕೂಡ್ಲೆ ಇಲ್ಲಿ ಎಡವ್ತಾರ.

ಖಾತ್ರಿ ಮಾಡ್ಕೊಳ್ಳೋದು ಸುಲಭ: ಟೇಬಲ್ ಮಾಡೋ ಜಾಗಾದಾಗ ಮತ್ತ ಎಂಡ್‌ಪಾಯಿಂಟ್ ಒಳಗ ಥ್ರೆಡ್ ಐಡಿ ಪ್ರಿಂಟ್ ಮಾಡ್ರಿ, ಎರಡು ಬ್ಯಾರೆ ನಂಬರ್ ಬಂದ್ರ ಇದ ರೋಗ. ಮದ್ದು ಎರಡು. ಪೂಲ್ ಕ್ಲಾಸನ್ನ ಸ್ಟ್ಯಾಟಿಕ್‌ಪೂಲ್ ಮಾಡಿ, ಚೆಕ್-ಸೇಮ್-ಥ್ರೆಡ್ ಫಾಲ್ಸ್ ಮಾಡಿದ್ರ ಎಲ್ಲಾ ಥ್ರೆಡ್‌ಗೂ ಒಂದ ಕನೆಕ್ಷನ್ ಸಿಗ್ತದ. ಇಲ್ಲಂದ್ರ ಪೈಟೆಸ್ಟ್ ಕೊಡೋ ತಾತ್ಪೂರ್ತಿಕ ಫೋಲ್ಡರ್‌ನ್ಯಾಗ ಒಂದು ಫೈಲ್ ಡೇಟಾಬೇಸ್ ಮಾಡ್ರಿ. ನನ್ನ ಕೇಳಿದ್ರ ಎರಡನೇದು ಛಲೋ, ಯಾಕಂದ್ರ ಸ್ಟ್ಯಾಟಿಕ್‌ಪೂಲ್‌ನ್ಯಾಗ ಎಲ್ಲಾರೂ ಒಂದ ಕನೆಕ್ಷನ್ ಹಂಚ್ಕೋತಾರ, ಟೆಸ್ಟ್ ಬರದ ಕಮಿಟ್ ಮಾಡದ ಸಾಲು ಆ್ಯಪ್‌ಗೂ ಕಾಣ್ತದ, ಹಿಂಗಾಗಿ ಕಮಿಟ್ ಮರತ ಕೋಡ್ ಕೂಡ ಟೆಸ್ಟ್‌ನ್ಯಾಗ ಪಾಸ್ ಆಗಿ ಬಿಡ್ತದ. ಸಂಘದ ಹಾಲ್‌ನ್ಯಾಗ ಬುಕಿಂಗ್ ಆತು ಅಂತ ಮೆಸೇಜ್ ಹೋಗಿ ಡೇಟಾಬೇಸ್‌ನ್ಯಾಗ ಏನೂ ಇಲ್ಲಂದ್ರ ಗಣಪತಿ ಹಬ್ಬದ ಹೊತ್ತಿಗೆ ಏನಾಗ್ತದ ನೀವ ಅಂದಾಜ್ ಮಾಡ್ರಿ.

ಲಾಗಿನ್ ಆಗ್ತದ, ಮುಂದಿನ ರಿಕ್ವೆಸ್ಟಿಗೆ 401

ಕುಕಿ ಸಮಸ್ಯೆ. ಲಾಗಿನ್‌ಗೆ 200 ಬಂತು, ಸೆಟ್-ಕುಕಿ ಹೆಡರ್ ಕೂಡ ಅದ, ಆದ್ರ ಮುಂದಿನ ಪೇಜ್ ನೀವು ಯಾರು ಅಂತ ಕೇಳ್ತದ. ಇಲ್ಲಿ ಕ್ಲೈಂಟಿನ ಕುಕಿ ಡಬ್ಬಿ ತಗದು ನೋಡ್ರಿ. ಕುಕಿ ಡಬ್ಬಿಯಾಗ ಅದ ಆದ್ರ ಎರಡನೇ ರಿಕ್ವೆಸ್ಟಿನ ಹೆಡರ್‌ನ್ಯಾಗ ಇಲ್ಲ ಅಂದ್ರ ಕಾರಣ ಸೆಕ್ಯೂರ್ ಫ್ಲ್ಯಾಗ್: ಸ್ಟಾರ್ಲೆಟ್ ಟೆಸ್ಟ್‌ಕ್ಲೈಂಟಿನ ಮೂಲ ವಿಳಾಸ ಎಚ್‌ಟಿಟಿಪಿ, ಟೆಸ್ಟ್‌ಸರ್ವರ್ ಅನ್ನೋ ಹೆಸರು, ಎಚ್‌ಟಿಟಿಪಿಎಸ್ ಅಲ್ಲ, ಹಿಂಗಾಗಿ ಸೆಕ್ಯೂರ್ ಕುಕಿ ವಾಪಸ್ ಹೋಗಂಗಿಲ್ಲ. ಕ್ಲೈಂಟ್ ಮಾಡೂ ಮುಂದ ಬೇಸ್ ಯುಆರ್‌ಎಲ್‌ಗೆ ಎಚ್‌ಟಿಟಿಪಿಎಸ್ ಕೊಟ್ರ ಮುಗೀತು. ಕುಕಿ ಡಬ್ಬಿಯಾಗ ಇಲ್ಲವ ಇಲ್ಲ ಅಂದ್ರ ಮದಲ ಡೊಮೇನ್ ನೋಡ್ರಿ, ಕುಕಿ ಮ್ಯಾಲೆ ನಿಮ್ಮ ಖರೇ ಸೈಟಿನ ಡೊಮೇನ್ ಬರದೀರಿ, ಟೆಸ್ಟ್‌ನ ಹೋಸ್ಟ್ ಬ್ಯಾರೆ ಅದ, ಡಬ್ಬಿ ಅದನ್ನ ಒಳಗ ಬಿಟ್ಕೊಂಡಿಲ್ಲ.

ಹಂಗಾರ ಲೋಕಲ್‌ಹೋಸ್ಟ್‌ನ್ಯಾಗ ಬ್ರೌಸರ್ ಹೆಂಗ ನಡೀತು ಅಂತ ಕೇಳ್ತಾರ. ಈಗಿನ ಕ್ರೋಮ್, ಫೈರ್‌ಫಾಕ್ಸ್ ಲೋಕಲ್‌ಹೋಸ್ಟ್‌ಗೆ ರಿಯಾಯತಿ ಕೊಡ್ತಾವ, ಎಚ್‌ಟಿಟಿಪಿ ಇದ್ರೂ ಸೆಕ್ಯೂರ್ ಕುಕಿ ಬಿಡ್ತಾವ. ಜಾಂಗೋದ ಟೆಸ್ಟ್ ಕ್ಲೈಂಟ್ ಇದಕ್ಕ ಉಲ್ಟಾ, ಅದು ಫ್ಲ್ಯಾಗ್ ಡೊಮೇನ್ ಏನೂ ನೋಡಂಗಿಲ್ಲ, ಇದ್ದ ಕುಕಿ ಎಲ್ಲಾ ಕಳಿಸಿ ಬಿಡ್ತದ, ಹಿಂಗಾಗಿ ಅಲ್ಲಿ ಕುಕಿ ದೋಷ ಟೆಸ್ಟ್‌ನ್ಯಾಗ ಅಡಗಿ ಲೈವ್‌ನ್ಯಾಗ ಹೊರಗ ಬರ್ತದ. ಜಾಂಗೋ ಕ್ಲೈಂಟ್ ಸಿಎಸ್‌ಆರ್‌ಎಫ್ (ಬ್ಯಾರೆ ಸೈಟ್‌ನಿಂದ ಬರೋ ನಕಲಿ ಫಾರ್ಮ್ ತಡಿಯೋ) ತಪಾಸಣೆನೂ ತಾನ ಬಂದ್ ಮಾಡಿರ್ತದ, ಫಾರ್ಮ್‌ನ್ಯಾಗ ಟೋಕನ್ ಹಾಕೂದು ಮರತ್ರೂ ಟೆಸ್ಟ್ ಹಸಿರು, ಲೈವ್‌ನ್ಯಾಗ 403. ಅಲ್ಲಿ ಕ್ಲೈಂಟ್ ಮಾಡೂ ಮುಂದ ಎನ್‌ಫೋರ್ಸ್-ಸಿಎಸ್‌ಆರ್‌ಎಫ್-ಚೆಕ್ಸ್ ಟ್ರೂ ಕೊಟ್ಟು ಒಂದರ ಟೆಸ್ಟ್ ಇಟ್ಕೋರಿ.

ಸಣ್ಣ ಸಣ್ಣವು ಜಲ್ದಿ ಹೇಳಿ ಬಿಡ್ತೇನಿ. 200 ಬದ್ಲಿ 307 ಇಲ್ಲಾ 308 ಬಂದ್ರ ಯುಆರ್‌ಎಲ್ ಕಡೀಗೆ ಸ್ಲ್ಯಾಶ್ ಹೆಚ್ಚು-ಕಡಿಮಿ ಆಗಿದೆ, ಫ್ಲಾಸ್ಕ್ ಮತ್ತ ಜಾಂಗೋ ಕ್ಲೈಂಟ್ ರೀಡೈರೆಕ್ಟ್ ಬೆನ್ನ ಹತ್ತಂಗಿಲ್ಲ, ಸ್ಟಾರ್ಲೆಟ್‌ದು ತಾನ ಹತ್ತತದ. 415 ಬಂದ್ರ ಜೇಸನ್ ಕಳಸೂ ಜಾಗಾದಾಗ ಡೇಟಾ ಅಂತ ಕಳಿಸೀರಿ, ಅದು ಫಾರ್ಮ್ ಆಗಿ ಹೋಗ್ಯದ. ಕೋಡ್ ಏನೂ ಮುಟ್ಟಿಲ್ಲ, ನಿನ್ನೆ ಹಸಿರು ಇದ್ದ ಎಲ್ಲಾ ಟೆಸ್ಟ್ ಒಮ್ಮೆಗೆ ಕೆಂಪಾಗಿ "ಆ್ಯಪ್" ಅನ್ನೋ ಕೀವರ್ಡ್ ಗೊತ್ತಿಲ್ಲ ಅಂತ ಟೈಪ್‌ಎರರ್ ಬಂದ್ರ, 2024ರ ನವೆಂಬರ್‌ನ್ಯಾಗ ಬಂದ ಎಚ್‌ಟಿಟಿಪಿಎಕ್ಸ್ 0.28 ಆ ಕೀವರ್ಡ್ ತಗದು ಹಾಕ್ಯದ, ಹಳೇ ಸ್ಟಾರ್ಲೆಟ್ ಇನ್ನೂ ಅದನ್ನ ಕೇಳ್ತದ. ಫಾಸ್ಟ್‌ಎಪಿಐ-ಸ್ಟಾರ್ಲೆಟ್ ಮ್ಯಾಲೆ ಏರಿಸ್ರಿ, ಆಗಲಿಲ್ಲಂದ್ರ ಎಚ್‌ಟಿಟಿಪಿಎಕ್ಸನ್ನ 0.28ರ ಕೆಳಗ ಕಟ್ಟಿ ಹಾಕ್ರಿ.

ಕನ್ನಡ ಅಕ್ಷರ ಅದ, ಟೆಸ್ಟ್ ಮಾತ್ರ ಇಲ್ಲ ಅಂತದ

ಇಂಗ್ಲಿಷ್‌ನ್ಯಾಗ ಬರದ ಗೈಡ್‌ಗಳಾಗ ಇದು ಸಿಗಂಗಿಲ್ಲ, ಅದಕ್ಕ ಬಿಡಿಸಿ ಹೇಳ್ತೇನಿ. ರೆಸ್ಪಾನ್ಸ್ ಒಳಗ "ಬುಕಿಂಗ್ ಆಗಿದೆ" ಅಂತ ಅದ ಏನು ನೋಡು ಅನ್ನೋ ಟೆಸ್ಟ್. ಬ್ರೌಸರ್‌ನ್ಯಾಗ ಚಂದ ಕಾಣ್ತದ, ಟೆಸ್ಟ್ ಇಲ್ಲ ಅಂತದ. ಫ್ಲಾಸ್ಕ್ ಮತ್ತ ಜಾಂಗೋ ಜೇಸನ್ ಬರಿಯೂ ಮುಂದ ಆಸ್ಕಿ ಅಲ್ಲದ ಅಕ್ಷರನೆಲ್ಲಾ ಬ್ಯಾಕ್‌ಸ್ಲ್ಯಾಶ್ ಯು ಹಾಕಿ ನಂಬರ್ ಮಾಡಿ ಕಳಿಸ್ತಾವ, ಬ್ರೌಸರ್ ಅದನ್ನ ಬಿಚ್ಚಿ ಅಕ್ಷರ ತೋರಿಸ್ತದ, ನೀವು ಕಚ್ಚಾ ಬೈಟ್ ಒಳಗ ಹುಡುಕಿದ್ರ ಅಲ್ಲಿ ಕನ್ನಡ ಎಲ್ಲಿ ಇರ್ತದ. ಸ್ಟಾರ್ಲೆಟ್ ಹಂಗ ಮಾಡಂಗಿಲ್ಲ, ನೇರ ಯುಟಿಎಫ್-8 ಕಳಿಸ್ತದ, ಹಿಂಗಾಗಿ ನಮ್ಮ ಆ್ಯಪಿನ ಒಂದು ಭಾಗದಾಗ ಪಾಸ್ ಆದ ಟೆಸ್ಟ್ ಇನ್ನೊಂದು ಭಾಗಕ್ಕ ಕಾಪಿ ಮಾಡಿದ್ರ ಫೇಲ್. ಬೈಟ್ ಒಳಗ ಹುಡುಕೂದ ಬ್ಯಾಡ, ಜೇಸನ್ ಬಿಚ್ಚಿ ಆ ಫೀಲ್ಡ್ ಹೋಲಿಸ್ರಿ.

ಅದಾದ ಮ್ಯಾಲೂ ಕೆಂಪ ಬಂದ್ರ, ಮತ್ತ ಪೈಟೆಸ್ಟ್ ತೋರಿಸೋ ಎರಡೂ ಸಾಲು ಕಣ್ಣಿಗೆ ಥೇಟ್ ಒಂದ ಕಂಡ್ರ, ಎರಡರ ಉದ್ದ ಎಣಿಸ್ರಿ. ಕನ್ನಡದ ಒ ಸ್ವರಚಿಹ್ನೆ ಒಂದ ಕೋಡ್‌ಪಾಯಿಂಟ್ ಆಗಿನೂ ಬರಬಹುದು, ಎ ಚಿಹ್ನೆ ಮತ್ತ ಊ ಚಿಹ್ನೆ ಅಂತ ಎರಡಾಗಿನೂ ಬರಬಹುದು. ಕೀಬೋರ್ಡ್, ಹಳೇ ಎಕ್ಸೆಲ್‌ನಿಂದ ತಂದ ಸದಸ್ಯರ ಪಟ್ಟಿ, ಪಿಡಿಎಫ್‌ನಿಂದ ಕಾಪಿ ಮಾಡಿದ್ದು, ಎಲ್ಲಾ ಒಂದ ನಮೂನಿ ಇರಂಗಿಲ್ಲ. ಎನ್‌ಎಫ್‌ಸಿ ಅನ್ನೋ ಯುನಿಕೋಡ್ ರೂಪಕ್ಕ ನಾರ್ಮಲೈಸ್ ಮಾಡಿದ್ರ ಇವು ಒಂದಾಗ್ತಾವ. ಆದ್ರ "ಹಾಲ್‌ನಲ್ಲಿ" ಅನ್ನೋ ಶಬ್ದದಾಗ ಲ್ ಆದ ಮ್ಯಾಲೆ ನ ಒತ್ತಕ್ಷರ ಆಗಬಾರದು ಅಂತ ಹಾಕೋ ಕಣ್ಣಿಗೆ ಕಾಣಲಾರದ ಝಡ್‌ಡಬ್ಲ್ಯುಎನ್‌ಜೆ ಎನ್‌ಎಫ್‌ಸಿಗೂ ಹೋಗಂಗಿಲ್ಲ. ಅದನ್ನ ತಗದು ಹಾಕಿದ್ರ ಪರದೆ ಮ್ಯಾಲೆ ಕಾಗುಣಿತ ಕೆಡ್ತದ, ಅದಕ್ಕ ಇಡೂ ಮುಂದ ಹಂಗ ಇಡ್ರಿ, ಹೋಲಿಸೂ ಮುಂದ ಮತ್ತ ಹುಡುಕೂ ಮುಂದ ಮಾತ್ರ ತಗೀರಿ. ಸದಸ್ಯರ ಹೆಸರು ಹುಡುಕಿದ್ರ ಸಿಗವಲ್ದು ಅನ್ನೋ ದೂರು ನಮಗ ಭಾಳ ದಿನದಿಂದ ಇತ್ತು, ಟೆಸ್ಟ್‌ನ್ಯಾಗ ಈ ಉದ್ದ ಎಣಸೂದು ಶುರು ಮಾಡಿದ ಮ್ಯಾಲೆನ ಅದ್ರ ಬೇರು ಸಿಕ್ತು.

ರಾತ್ರಿ ಕೆಂಪು, ಮುಂಜಾನೆ ಹಸಿರು

ನಮ್ಮಂಗ ರಾತ್ರಿ ಕೂತು ಕೋಡ್ ಬರಿಯೋರಿಗೆ ಇದು ಗ್ಯಾರಂಟಿ. "ಇವತ್ತಿನ ಬುಕಿಂಗ್" ಪಟ್ಟಿಯ ಟೆಸ್ಟ್ ಸಿಐದಾಗ (ಟೆಸ್ಟ್ ತಾನಾಗಿ ಓಡಿಸೋ ಬ್ಯಾರೆ ಮಶೀನ್) ನಡುರಾತ್ರಿ ಆದ ಮ್ಯಾಲೆ ಕೆಂಪು, ಮುಂಜಾನೆ ಚಹಾ ಕುಡದು ಮತ್ತ ಓಡಿಸಿದ್ರ ಹಸಿರು, ಲ್ಯಾಪ್‌ಟಾಪ್‌ನ್ಯಾಗಂತೂ ಯಾವಾಗ್ಲೂ ಹಸಿರು. ಕೆಂಪು ಬಂದ ವೇಳೆ ಬರದಿಡ್ರಿ, ಎಲ್ಲಾ 12ರಿಂದ ಮುಂಜಾನೆ 5:30ರ ಒಳಗ ಇದ್ರ ಬ್ಯಾರೆ ಏನೂ ಹುಡುಕೂದು ಬ್ಯಾಡ. ಆ್ಯಪ್ ಏಷ್ಯಾ/ಕೋಲ್ಕತಾ ಪ್ರಕಾರ ದಿನಾಂಕ ತಗೋತದ, ಟೆಸ್ಟ್ ಮಶೀನಿನ ದಿನಾಂಕ ತಗೋತದ, ಸಿಐ ಮಶೀನ್ ಯುಟಿಸಿದಾಗ ಅದ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದ. ಪುಣೆದಾಗ ನವೆಂಬರ್ 1 ಹುಟ್ಟಿದಾಗ ಆ ಮಶೀನ್ ಇನ್ನೂ ಅಕ್ಟೋಬರ್ 31ರ ಸಂಜಿ 6:30ರಾಗ ಇರ್ತದ. ಲ್ಯಾಪ್‌ಟಾಪ್‌ನ್ಯಾಗ ಇದನ್ನ ಹಿಡಿಬೇಕಂದ್ರ ಟಿಝಡ್ ಅನ್ನೋ ವೇರಿಯೇಬಲ್‌ಗೆ ಯುಟಿಸಿ ಕೊಟ್ಟು ಟೆಸ್ಟ್ ಓಡಿಸ್ರಿ, ಅದೂ ರಾತ್ರಿ, ಇಲ್ಲಂದ್ರ ಗಡಿಯಾರ ನಿಲ್ಲಿಸೋ ಫ್ರೀಜ್‌ಗನ್ ಥರದ ಲೈಬ್ರರಿ ಹಾಕಿ. ಮದ್ದು ಏನಂದ್ರ ಇವತ್ತು ಅನ್ನೋದನ್ನ ಆ್ಯಪ್ ಮತ್ತ ಟೆಸ್ಟ್ ಎರಡೂ ಒಂದ ಫಂಕ್ಷನ್ ಕೇಳಿ ತಗೊಳ್ಳೋದು.

ಒಂದ ಟೆಸ್ಟ್ ಮಾತ್ರ ಓಡಿಸಿದ್ರ ಪಾಸ್, ಎಲ್ಲಾ ಟೆಸ್ಟ್ ಸಂಗತಿ ಓಡಿಸಿದ್ರ ಫೇಲ್ ಆದ್ರ ಅದು ವೇಳೆದಲ್ಲ, ಹಿಂದಿನ ಟೆಸ್ಟ್ ಏನೋ ಬಿಟ್ಟು ಹೋಗ್ಯದ. ಫಾಸ್ಟ್‌ಎಪಿಐದಾಗ ಡಿಪೆಂಡೆನ್ಸಿ-ಓವರ್‌ರೈಡ್ಸ್ ಮದಲ ನೋಡ್ರಿ, ಅದು ಆ್ಯಪ್ ಮ್ಯಾಲೆ ಕೂತ ಡಿಕ್ಷನರಿ, ಟೆಸ್ಟ್ ಮುಗದ ಮ್ಯಾಲೆ ತಾನ ಖಾಲಿ ಆಗಂಗಿಲ್ಲ. ಇದರ ಅಪಾಯದ ಅಣ್ಣ ಇನ್ನೊಂದ ಅದ: ಡೇಟಾಬೇಸ್ ವಿಳಾಸ ಮಾಡ್ಯೂಲ್ ಇಂಪೋರ್ಟ್ ಆದಾಗ ಓದಿ ಇಟ್ಕೊಂಡಿದ್ರ, ಟೆಸ್ಟ್ ಆಮ್ಯಾಲೆ ಎನ್ವಿರಾನ್ಮೆಂಟ್ ಬದಲಿಸಿದ್ರೂ ಉಪಯೋಗ ಇಲ್ಲ, ಟೆಸ್ಟ್ ಹೋಗಿ ಖರೇ ಡೇಟಾಬೇಸ್ ಸಾಫ್ ಮಾಡ್ತದ. ಫಿಕ್ಸ್ಚರ್ ಶುರುವಾಗೂ ಮುಂದ ಎಂಜಿನ್ನಿನ ಯುಆರ್‌ಎಲ್ ನೋಡಿ, ಅದು ಟೆಸ್ಟ್ ಡಿಬಿ ಅಲ್ಲಂದ್ರ ಅಲ್ಲೇ ನಿಂತು ಬಿಡೋ ಒಂದು ಅಸರ್ಟ್ ಹಾಕ್ಕೋರಿ.

ನೆಟ್ ಇಲ್ಲದಾಗ ಟೆಸ್ಟ್ ಓಡಿಸೂದು ಒಂದು ಪುಕ್ಕಟೆ ತಪಾಸಣೆ. ಹುಬ್ಬಳ್ಳಿ ಬಸ್ಸಿನ್ಯಾಗ ಖಂಬಾಟಕಿ ಘಾಟ್ ದಾಟೂ ಮುಂದ ನೆಟ್ ಹೋಗಿ ಟೆಸ್ಟ್ ಕೆಂಪಾದ್ರ, ಎಲ್ಲೋ ಒಂದು ಕಡೆ ಎಸ್ಎಂಎಸ್ ಗೇಟ್‌ವೇನೋ ಪೇಮೆಂಟ್ ಎಪಿಐನೋ ಖರೇನ ಕರೀಲಿಕ್ಕತ್ತದ. ಸರ್ವರ್ ಇಲ್ಲದ ಟೆಸ್ಟ್‌ಗೆ ನೆಟ್ ಬೇಕಾಗೂದ ಬ್ಯಾಡ.

ಟೆಸ್ಟ್ ಸುಮ್ಕ ನಿಂತು ಬಿಡ್ತದ

ಫೇಲೂ ಇಲ್ಲ ಪಾಸೂ ಇಲ್ಲ. ಪೈಟೆಸ್ಟ್‌ನ ಫಾಲ್ಟ್‌ಹ್ಯಾಂಡ್ಲರ್-ಟೈಮ್‌ಔಟ್ ಸೆಟ್ಟಿಂಗ್‌ಗೆ ಒಂದಿಷ್ಟು ಸೆಕೆಂಡ್ ಕೊಟ್ರ ಎಲ್ಲಿ ನಿಂತದ ಅಂತ ಎಲ್ಲಾ ಥ್ರೆಡ್ಡಿನ ಟ್ರೇಸ್‌ಬ್ಯಾಕ್ ಉಗುಳ್ತದ. ಹೆಚ್ಚಾಗಿ ಅದು ಮುಗಿಯಲಾರದ ಸ್ಟ್ರೀಮ್ ಇರ್ತದ: ಹಾಲ್ ಖಾಲಿ ಅದನೋ ಇಲ್ಲೋ ಅಂತ ಸತತ ಕಳಸೋ ಎಸ್‌ಎಸ್‌ಇ ಎಂಡ್‌ಪಾಯಿಂಟ್. ಎಎಸ್‌ಜಿಐ-ಟ್ರಾನ್ಸ್‌ಪೋರ್ಟ್ ಪೂರಾ ಬಾಡಿ ಕೂಡಿಸ್ಕೊಂಡ ಮ್ಯಾಲೆನ ರೆಸ್ಪಾನ್ಸ್ ಕೊಡ್ತದ, ಬಾಡಿ ಮುಗಿಯೂದ ಇಲ್ಲಂದ್ರ ಅದು ಕಾಯ್ತ ಕೂಡ್ತದ. ಇದಕ್ಕ ಸರ್ವರ್ ಇಲ್ಲದ ಟೆಸ್ಟ್‌ನ್ಯಾಗ ಜಬರ್‌ದಸ್ತಿ ಮಾಡಬ್ಯಾಡ್ರಿ, ಒಳಗಿನ ಜನರೇಟರ್ ಫಂಕ್ಷನ್ನನ್ನ ನೇರ ಕರದು ಮದಲಿನ ಎರಡು-ಮೂರು ತುಣುಕು ತಗೊಂಡು ನೋಡ್ರಿ.

ನೋಡ್‌ನೋರಿಗೆ ಇದ ಲಕ್ಷಣ ಬ್ಯಾರೆ ಕಾರಣಕ್ಕ ಬರ್ತದ. ಸೂಪರ್‌ಟೆಸ್ಟ್ ಅನ್ನೋ ಟೆಸ್ಟ್ ಲೈಬ್ರರಿ ಸರ್ವರ್ ಇಲ್ಲದ್ದು ಅಂತ ಭಾಳ ಮಂದಿ ತಿಳ್ಕೊಂಡಾರ, ಆದ್ರ ಅದು ಆ್ಯಪ್ ಎಲ್ಲೂ ಲಿಸನ್ ಮಾಡ್ತಿರಲಿಲ್ಲಂದ್ರ ಖಾಲಿ ಇದ್ದ ಒಂದು ಪೋರ್ಟ್ ತಗೊಂಡು ತಾನ ಸರ್ವರ್ ಹಚ್ತದ. ಆ್ಯಪ್ ಫೈಲ್‌ನ್ಯಾಗ ಲಿಸನ್ ಕೂಡ ಬರದಿದ್ರ ಎರಡು ಟೆಸ್ಟ್ ಫೈಲ್ ಒಂದ ಪೋರ್ಟಿಗೆ ಬಡದಾಡಿ ಇಎಡಿಡಿಆರ್‌ಇನ್‌ಯೂಸ್ (ಪೋರ್ಟ್ ಆಗಲೇ ಬಳಕೆದಾಗ ಅದ ಅನ್ನೋ ಎರರ್) ಬರ್ತದ, ಇಲ್ಲಾ ಟೆಸ್ಟ್ ಮುಗದ್ರೂ ಜೆಸ್ಟ್ ಅನ್ನೋ ಟೆಸ್ಟ್ ಓಡಿಸೋ ಟೂಲ್ ಹೊರಗ ಬರಂಗಿಲ್ಲ. ಆ್ಯಪ್ ಒಂದು ಫೈಲ್, ಲಿಸನ್ ಇನ್ನೊಂದು ಫೈಲ್, ಅಷ್ಟ ಮದ್ದು. ಬ್ಯಾರೆ ಏನರ ತೆರದಿದ್ರ ಜೆಸ್ಟ್‌ನ ಡಿಟೆಕ್ಟ್-ಓಪನ್-ಹ್ಯಾಂಡಲ್ಸ್ ಹೇಳ್ತದ.

ಟೆಸ್ಟ್ ಹಸಿರು, ಲೈವ್ ಕೆಟ್ಟದ

ಇದು ಕಠಿಣ ಕಡೆ, ಯಾಕಂದ್ರ ಎರರ್ ತೋರ್ಸೂ ಟೆಸ್ಟ್ ಇರಂಗಿಲ್ಲ. ಸದಸ್ಯರಿಗೆ ಓಟಿಪಿ ಹೋಗ್ತದ, ಹಾಕಿದ್ರ ತಪ್ಪು ಅಂತದ, ಮತ್ತೊಮ್ಮೆ ಹಾಕಿದ್ರ ಅದ ಓಟಿಪಿ ಒಮ್ಮೊಮ್ಮೆ ನಡೀತದ. ಈ "ಒಮ್ಮೊಮ್ಮೆ" ಶಬ್ದ ಕೇಳಿದ ಕೂಡ್ಲೆ ವರ್ಕರ್ ಎಷ್ಟು ಅವ ಅಂತ ನೋಡ್ರಿ. ಓಟಿಪಿಯನ್ನ ಮಾಡ್ಯೂಲ್ ಮ್ಯಾಲಿನ ಒಂದು ಡಿಕ್ಷನರಿಯಾಗ ಇಟ್ಟಿದ್ರ, ಟೆಸ್ಟ್‌ನ್ಯಾಗ ಒಂದ ಪ್ರೊಸೆಸ್, ಡಿಕ್ಷನರಿ ಒಂದ, ಎಲ್ಲಾ ಸರಿ. ಲೈವ್‌ನ್ಯಾಗ 4 ವರ್ಕರ್ ಅಂದ್ರ 4 ಪ್ರೊಸೆಸ್, 4 ಬ್ಯಾರೆ ಡಿಕ್ಷನರಿ. ಓಟಿಪಿ ಕಳಿಸಿದ್ದು ಒಬ್ಬಾಂವ, ತಪಾಸಣೆ ಮಾಡಿದ್ದು ಮತ್ತೊಬ್ಬಾಂವ, ಅಂವಗ ಏನೂ ಗೊತ್ತಿಲ್ಲ. ಗುನಿಕಾರ್ನ್ ತಾನಾಗಿ ಒಂದ ವರ್ಕರ್ ಹಚ್ತದ, ಅದಕ್ಕ ಯಾರೋ ಜಲ್ದಿ ಆಗಲಿ ಅಂತ ವರ್ಕರ್ ಹೆಚ್ಚು ಮಾಡೋತನಕ ಇದು ಅಡಗಿ ಕೂಡ್ತದ.

ಖಾತ್ರಿ ಮಾಡ್ಲಿಕ್ಕೆ ಎರಡೂ ಎಂಡ್‌ಪಾಯಿಂಟ್‌ನ್ಯಾಗ ಪ್ರೊಸೆಸ್ ಐಡಿ ಲಾಗ್ ಮಾಡ್ರಿ. ಫೇಲ್ ಆದ ಪ್ರತಿ ಸಲ ಎರಡು ಐಡಿ ಬ್ಯಾರೆ, ಪಾಸ್ ಆದಾಗ ಒಂದ ಇದ್ರ ಮುಗೀತು, ಓಟಿಪಿಯನ್ನ ರೆಡಿಸ್‌ಗೋ ಡೇಟಾಬೇಸ್‌ಗೋ ಸ್ಥಳಾಂತರ ಮಾಡ್ರಿ. ಸೆಷನ್ ಸೀಕ್ರೆಟ್ ಕೀಯನ್ನ ಪ್ರತಿ ಸಲ ಏಳೂ ಮುಂದ ರ‍್ಯಾಂಡಮ್ ಮಾಡೋರಿಗೂ ಇದ ಗತಿ, ಒಂದು ವರ್ಕರ್ ಸಹಿ ಮಾಡಿದ ಕುಕಿ ಇನ್ನೊಬ್ಬಾಂವಗ ನಕಲಿ ಕಾಣ್ತದ. ಸರ್ವರ್ ಇಲ್ಲದ ಟೆಸ್ಟ್‌ನ್ಯಾಗ ಎರಡು ಆ್ಯಪ್ ಮಾಡಿ ಇದನ್ನ ಹಿಡಿಬಹುದಲ್ಲ ಅಂತ ಕೇಳ್ಬಹುದು, ಸೀಕ್ರೆಟ್ ಕೀ ಆ್ಯಪ್ ಫ್ಯಾಕ್ಟರಿ ಒಳಗ ಹುಟ್ಟಿದ್ರ ಹಿಡಿಬಹುದು, ಮಾಡ್ಯೂಲ್ ಮ್ಯಾಲಿನ ಡಿಕ್ಷನರಿ ಹಿಡಿಯಂಗಿಲ್ಲ, ಎರಡೂ ಆ್ಯಪ್ ಅದ ಮಾಡ್ಯೂಲ್ ಹಂಚ್ಕೊಂಡಿರ್ತಾವ. ಅದಕ್ಕ ಖರೇನ ಎರಡು ವರ್ಕರ್ ಹಚ್ಚಬೇಕು.

ಎನ್‌ಜಿನ್‌ಎಕ್ಸ್ ಕಡೀಂದ ಬರೂವು ಬ್ಯಾರೆ. ಗುರುತಿನ ಚೀಟಿ ಫೋಟೋ ಅಪ್‌ಲೋಡ್ ಟೆಸ್ಟ್‌ನ್ಯಾಗ ಹೋಗ್ತದ, ಫೋನಿಂದ ಹಾಕಿದ್ರ 413. ಎನ್‌ಜಿನ್‌ಎಕ್ಸ್ ತಾನಾಗಿ 1 ಎಂಬಿತನಕ ಮಾತ್ರ ಬಾಡಿ ಬಿಡ್ತದ, ಈಗಿನ ಫೋನಿನ ಫೋಟೋ ಅದಕ್ಕಿಂತ ದೊಡ್ಡದು, ಟೆಸ್ಟ್‌ನ ಫೋಟೋ ಚುಕ್ಕಿಯಷ್ಟು. ಗುರುತು ಹಿಡಿಯೂದು ಹೆಂಗಂದ್ರ ಆ್ಯಪ್ ಲಾಗ್‌ನ್ಯಾಗ ಆ ರಿಕ್ವೆಸ್ಟಿನ ಸುಳಿವ ಇರಂಗಿಲ್ಲ, ಎನ್‌ಜಿನ್‌ಎಕ್ಸ್ ಲಾಗ್‌ನ್ಯಾಗ ಮಾತ್ರ ಇರ್ತದ. ಕ್ಲೈಂಟ್-ಮ್ಯಾಕ್ಸ್-ಬಾಡಿ-ಸೈಜ್ ಏರಿಸ್ರಿ.

ಇನ್ನೊಂದು ಇದಕ್ಕಿಂತ ಮೋಸದ್ದು, 422. ಮೊಬೈಲ್ ಆ್ಯಪ್ ಸದಸ್ಯನ ನಂಬರನ್ನ ಹೆಡರ್‌ನ್ಯಾಗ ಕಳಿಸ್ತದ, ಹೆಸರಿನ್ಯಾಗ ಅಂಡರ್‌ಸ್ಕೋರ್ ಅದ, ಫಾಸ್ಟ್‌ಎಪಿಐದಾಗ ಕನ್ವರ್ಟ್-ಅಂಡರ್‌ಸ್ಕೋರ್ಸ್ ಫಾಲ್ಸ್ ಮಾಡಿ ಅದನ್ನ ಹಂಗ ತಗೊಂಡಾರ. ಟೆಸ್ಟ್‌ನ್ಯಾಗ ಹೆಡರ್ ನೇರ ಆ್ಯಪ್‌ಗೆ ಬರ್ತದ, ಪಾಸ್. ಲೈವ್‌ನ್ಯಾಗ ಎನ್‌ಜಿನ್‌ಎಕ್ಸ್ ಅಂಡರ್‌ಸ್ಕೋರ್ ಇದ್ದ ಹೆಡರನ್ನ ಒಂದ ಮಾತ ಹೇಳಲಾರದ ಬಿಟ್ಟು ಬಿಡ್ತದ, ಆ್ಯಪ್ ಹೆಡರ್ ಇಲ್ಲ ಅಂತ 422 ಕೊಡ್ತದ. ಇಲ್ಲಿ ಆ್ಯಪ್ ಲಾಗ್‌ನ್ಯಾಗ ರಿಕ್ವೆಸ್ಟ್ ಅದ, ಹಿಂಗಾಗಿ ಎಲ್ಲಾರೂ ಆ್ಯಪ್ ಒಳಗ ಹುಡುಕ್ತಾರ. ಬಂದ ಹೆಡರ್ ಎಲ್ಲಾ ಒಮ್ಮೆ ಪ್ರಿಂಟ್ ಮಾಡಿ ಫೋನ್ ಕಳಿಸಿದ್ದ ಪಟ್ಟಿ ಜೊತಿ ಹಚ್ಚಿ ನೋಡಿದ್ರ ಒಂದ ಕಡಿಮಿ ಇರೂದು ಕಾಣ್ತದ. ಹೆಸರಿನ್ಯಾಗ ಹೈಫನ್ ಹಾಕೂದ ಸರಿಯಾದ ದಾರಿ, ಆದ್ರ ಹಳೇ ಮೊಬೈಲ್ ಆ್ಯಪ್ ಇದ್ದೋರು ಅಪ್‌ಡೇಟ್ ಮಾಡೋತನಕ ಎನ್‌ಜಿನ್‌ಎಕ್ಸ್‌ನ್ಯಾಗ ಅಂಡರ್‌ಸ್ಕೋರ್ಸ್-ಇನ್-ಹೆಡರ್ಸ್ ಆನ್ ಇಡಬೇಕಾಗ್ತದ, ಆ್ಯಪ್ ಕೂಡ ಅಷ್ಟು ದಿನ ಎರಡೂ ಹೆಸರು ಓದಬೇಕು. ಈ ಮೂರಕ್ಕೂ, ಓಟಿಪಿ, ಫೋಟೋ, ಹೆಡರ್, ಒಂದೊಂದು ಟೆಸ್ಟನ್ನ ಬ್ಯಾರೆ ಫೋಲ್ಡರ್‌ನ್ಯಾಗ ಇಟ್ಟು, ಸಿಐದಾಗ ಡಾಕರ್ ಒಳಗ ಎನ್‌ಜಿನ್‌ಎಕ್ಸ್ ಮತ್ತ 2 ವರ್ಕರ್ ಹಚ್ಚಿ, ಮದಲು ಹೇಳಿದ ಆ ಯುಆರ್‌ಎಲ್ ವೇರಿಯೇಬಲ್ ಕೊಟ್ಟು ಓಡಿಸ್ರಿ, ಉಳದದ್ದೆಲ್ಲಾ ಸರ್ವರ್ ಇಲ್ಲದ ನಡೀಲಿ.